ಪೋಸ್ಟ್‌ಗ್ರೆಸ್ ನೋಡಿಕೊಳ್ಳುವವರಿಗೆ: ಮೊದಲು ಒಂದು ಕಾಪಿ ಎಬ್ಬಿಸಿಕೊಳ್ಳಿ

ಹಳ್ಳಿಯ ಹಾಲಿನ ಡೈರಿಗಳ ಲೆಕ್ಕ ಇಡುವ ಒಂದು ಸಾಫ್ಟ್‌ವೇರ್‌ನ ಡೇಟಾಬೇಸನ್ನು ಕೆಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ದೊಡ್ಡದೇನಲ್ಲ. ಒಂದು ಸಂಘಕ್ಕೆ ಸುಮಾರು 200 ಸದಸ್ಯರು, ದಿನಕ್ಕೆ ಎರಡು ಹೊತ್ತು ಹಾಲು. ಅಂದರೆ ವರ್ಷಕ್ಕೆ 1,46,000 ಸಾಲು. ಅಂಥ 25 ಸಂಘ, ನಾಲ್ಕು ವರ್ಷದ ಲೆಕ್ಕ. ಎಲ್ಲಾ ಕೂಡಿದರೆ 1 ಕೋಟಿ 46 ಲಕ್ಷ ಸಾಲು. ಇಷ್ಟನ್ನು ಒಂದು ಸಾಧಾರಣ ಸರ್ವರ್ ಆರಾಮಾಗಿ ನಿಭಾಯಿಸುತ್ತದೆ. ಆದರೆ ಪ್ರತಿ ಸಾಲೂ ಒಂದು ಮನೆಯ ದುಡ್ಡು. ಫ್ಯಾಟ್ 4.1 ಇರಬೇಕಾದ ಕಡೆ 3.1 ಉಳಿದರೆ ಬಟವಾಡೆ ದಿನ ಆ ಮನೆಗೆ ಕಡಿಮೆ ಹೋಗುತ್ತದೆ.

ನನ್ನ ಕೆಲಸವೆಲ್ಲ ಒಂದೇ ರೂಢಿಯ ಮೇಲೆ ನಿಂತಿದೆ. ಪ್ರತಿ ಶನಿವಾರ ರಾತ್ರಿ ಬ್ಯಾಕಪ್‌ನಿಂದ ಒಂದು ಪೂರ್ತಿ ಕಾಪಿಯನ್ನು ಬೇರೆ ಮೆಷಿನ್ನಲ್ಲಿ ಎಬ್ಬಿಸುತ್ತೇನೆ. ಟೇಬಲ್ ಬದಲಿಸುವುದು, ನಿಧಾನ ಇರುವ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ನೋಡುವುದು, ಟೆಸ್ಟ್ ಓಡಿಸುವುದು, ಎಲ್ಲಾ ಮೊದಲು ಆ ಕಾಪಿಯ ಮೇಲೆ. ಲೈವ್ ಡೇಟಾಬೇಸ್ ಮೇಲೆ ಮೊದಲ ಸಲ ಏನನ್ನೂ ಮಾಡುವುದಿಲ್ಲ. ಇಲ್ಲಿ ಹೇಳುವುದೆಲ್ಲ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ಗೆ. ಅಂಥದೇ ಇನ್ನೊಂದಾದ ಮೈಎಸ್‌ಕ್ಯೂಎಲ್ ಬಳಸುವವರಿಗೂ ಹೆಚ್ಚಿನದು ಹೊಂದುತ್ತದೆ, ಹೊಂದದ ಕಡೆ ಹೇಳುತ್ತೇನೆ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಲ್ಲಿ ಮಾಡಿ.

ಬ್ಯಾಕಪ್ ಇದೆ ಅಂದರೆ ಸಾಲದು

2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನುವ ಸಾಫ್ಟ್‌ವೇರ್ ಕಂಪನಿಯಲ್ಲಿ ನಡೆದದ್ದನ್ನು ಈ ಕೆಲಸ ಮಾಡುವ ಎಲ್ಲರೂ ಒಮ್ಮೆ ತಿಳಿದಿರಬೇಕು. ರಾತ್ರಿ ಹೊತ್ತು ರೆಪ್ಲಿಕಾ (ಮುಖ್ಯ ಸರ್ವರ್‌ನ ಬದಲಾವಣೆಗಳನ್ನು ಆಗಿಂದಾಗ್ಗೆ ನಕಲು ಮಾಡಿಕೊಳ್ಳುವ ಇನ್ನೊಂದು ಸರ್ವರ್) ಸರಿಮಾಡುತ್ತಿದ್ದ ಒಬ್ಬ ಎಂಜಿನಿಯರ್ ರೆಪ್ಲಿಕಾ ಅಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಿಬಿಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಇಂಥ ತಪ್ಪು ಯಾರ ಕೈಯಲ್ಲಾದರೂ ಆಗಬಹುದು. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಬ್ಯಾಕಪ್ ತೆಗೆಯುವ ಪಿಜಿ_ಡಂಪ್ 9.2 ವರ್ಷನ್ನಿನದು, ಡೇಟಾಬೇಸ್ 9.6. ಹಾಗಾಗಿ ಡಂಪ್ ಆಗುತ್ತಲೇ ಇರಲಿಲ್ಲ. ಫೇಲ್ ಆಗಿದೆ ಅಂತ ಹೋಗಬೇಕಿದ್ದ ಮೇಲ್‌ಗಳೂ ತಿರಸ್ಕೃತ ಆಗುತ್ತಿದ್ದವು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೊನೆಗೆ ಉಳಿಸಿದ್ದು ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಅವರು ಇದನ್ನೆಲ್ಲ ಮುಚ್ಚಿಡದೆ ಎಲ್ಲರ ಮುಂದೆ ಬರೆದು ಇಟ್ಟರು. ಅದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ.

ಇದರಿಂದ ಸೀದಾ ತೆಗೆದುಕೊಳ್ಳಬೇಕಾದ್ದು ಮೂರು. ಡಂಪ್ ತೆಗೆಯುವ ಪ್ರೋಗ್ರಾಂನ ವರ್ಷನ್ ಸರ್ವರ್‌ಗಿಂತ ಹಳೆಯದಿರಬಾರದು, ಹೊಸದಿದ್ದರೆ ತೊಂದರೆ ಇಲ್ಲ. ಫೇಲ್ ಆದರೆ ಮೇಲ್ ಬರಲಿ ಅನ್ನುವುದಕ್ಕಿಂತ, ಸರಿಯಾಗಿ ಮುಗಿದರೆ ಮಾತ್ರ ಒಂದು ಮೆಸೇಜ್ ಬರಲಿ. ಬೆಳಿಗ್ಗೆ ಅದು ಕಾಣದಿದ್ದರೆ ಎದ್ದು ನೋಡುತ್ತೀರಿ. ಮೂರನೆಯದು, ರೆಪ್ಲಿಕಾವನ್ನು ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಮುಖ್ಯ ಸರ್ವರ್‌ನಲ್ಲಿ ತಪ್ಪಾಗಿ ಡಿಲೀಟ್ ಮಾಡಿದ ಸಾಲು ಕ್ಷಣದಲ್ಲಿ ರೆಪ್ಲಿಕಾದಲ್ಲೂ ಡಿಲೀಟ್ ಆಗುತ್ತದೆ.

ಈಗ ಕೆಲಸಕ್ಕೆ ಬರೋಣ. ಪಿಜಿ_ಡಂಪ್‌ಗೆ ‘-ಎಫ್‌ಸಿ’ ಕೊಟ್ಟು ಕಸ್ಟಮ್ ಫಾರ್ಮ್ಯಾಟಿನಲ್ಲಿ ತೆಗೆಯಿರಿ. ಸುಮ್ನೆ ಎಸ್‌ಕ್ಯೂಎಲ್ ಫೈಲ್ ತೆಗೆದು ಫೈಲ್ ಕುಗ್ಗಿಸುವ ಜಿಝಿಪ್‌ಗೆ ಪೈಪ್ ಮಾಡಿದರೆ, ಡಂಪ್ ಅರ್ಧಕ್ಕೆ ನಿಂತರೂ ಜಿಝಿಪ್ ತನ್ನ ಕೆಲಸ ಮುಗಿಸಿ ‘ಸರಿಯಾಯ್ತು’ ಅನ್ನುತ್ತದೆ, ಶೆಲ್ ಅದನ್ನೇ ನಂಬುತ್ತದೆ. ಪೈಪ್ ಬೇಕೇ ಬೇಕು ಅಂದರೆ ಸ್ಕ್ರಿಪ್ಟಿನ ಮೇಲೆ ‘ಪೈಪ್‌ಫೇಲ್’ ಹಾಕಿ. ಇನ್ನೊಂದು ವಿಷಯ, ಪಿಜಿ_ಡಂಪ್ ಒಂದು ಡೇಟಾಬೇಸನ್ನು ಮಾತ್ರ ತೆಗೆಯುತ್ತದೆ. ಯೂಸರ್‌ಗಳು, ಪಾಸ್‌ವರ್ಡ್‌ಗಳು ಅದರಲ್ಲಿ ಬರುವುದಿಲ್ಲ. ಅದಕ್ಕೆ ಪಿಜಿ_ಡಂಪ್‌ಆಲ್‌ಗೆ ‘ಗ್ಲೋಬಲ್ಸ್-ಓನ್ಲಿ’ ಕೊಟ್ಟು ಬೇರೆ ಫೈಲ್ ತೆಗೆಯಬೇಕು. ಮೊದಲ ಸಲ ರಿಸ್ಟೋರ್ ಮಾಡಿದಾಗ ‘ರೋಲ್ ಇಲ್ಲ’ ಅಂತ ಸಾಲುಸಾಲಾಗಿ ಎರರ್ ಬರುವುದು ಇದರಿಂದಲೇ.

ರಿಸ್ಟೋರ್ ಮಾಡುವಾಗ ‘-ಜೆ 4’ ಕೊಟ್ಟರೆ ನಾಲ್ಕು ಕೆಲಸ ಒಟ್ಟಿಗೆ ನಡೆದು ಬೇಗ ಮುಗಿಯುತ್ತದೆ. ಪಿಜಿ_ರಿಸ್ಟೋರ್ ಎರರ್ ಬಂದರೂ ನಿಲ್ಲದೆ ಮುಂದೆ ಹೋಗುವುದು ಅದರ ಸ್ವಭಾವ. ‘ಎಕ್ಸಿಟ್-ಆನ್-ಎರರ್’ ಕೊಡಿ, ಮೊದಲ ತಪ್ಪಿಗೇ ನಿಲ್ಲಲಿ. ಮುಗಿದ ಮೇಲೆ ಒಮ್ಮೆ ‘ಅನಲೈಸ್’ ಓಡಿಸಿ, ಇಲ್ಲದಿದ್ದರೆ ಕ್ವೆರಿಗೆ ದಾರಿ ಆರಿಸುವ ಪ್ಲ್ಯಾನರ್‌ಗೆ ಯಾವ ಟೇಬಲ್ಲಿನಲ್ಲಿ ಏನಿದೆ ಅನ್ನುವ ಅಂದಾಜು ಇರದೆ ಕಾಪಿಯ ಮೇಲಿನ ಕ್ವೆರಿಗಳು ವಿಚಿತ್ರವಾಗಿ ನಡೆದುಕೊಳ್ಳುತ್ತವೆ.

ಆಮೇಲೆ ಬರುವುದು ನೋಡುವ ಕೆಲಸ. ಸಾಲುಗಳ ಸಂಖ್ಯೆ ಸರಿ ಇದೆಯಾ ಅಂತ ನೋಡಿದರೆ ಅರ್ಧ ಆಯ್ತು. ನಾನು ಇನ್ನೆರಡು ನೋಡುತ್ತೇನೆ. ಕೊನೆಯ ಸಾಲು ಯಾವ ಹೊತ್ತಿನದು? ಶನಿವಾರ ಸಂಜೆಯ ಹಾಲು ಬಂದಿದೆಯಾ? ಹಾಗೇ ಯಾವುದಾದರೂ ಒಂದು ಸಂಘದ ಒಂದು ದಿನದ ಒಟ್ಟು ಲೀಟರ್ ತೆಗೆದು ಅಲ್ಲಿನ ಕಾರ್ಯದರ್ಶಿಗಳ ಹತ್ತಿರ ಇರುವ ರಿಜಿಸ್ಟರಿನ ಜೊತೆ ತಾಳೆ ನೋಡುತ್ತೇನೆ. ಅವರಿಗೆ ಫೋನ್ ಮಾಡಿ ‘ಸರ್, 14ನೇ ತಾರೀಖು ಬೆಳಿಗ್ಗೆ ಒಟ್ಟು ಎಷ್ಟು’ ಅಂದರೆ ಅರ್ಧ ನಿಮಿಷದಲ್ಲಿ ಹೇಳುತ್ತಾರೆ. ಡೇಟಾಬೇಸಿನ ಹೊರಗಿರುವ ಒಂದು ಲೆಕ್ಕದ ಜೊತೆ ತಾಳೆ ಆದಾಗ ಸಿಗುವ ಧೈರ್ಯ ಬೇರೆ. ರಿಸ್ಟೋರ್‌ಗೆ ಎಷ್ಟು ನಿಮಿಷ ಹಿಡಿಯಿತು ಅನ್ನುವುದನ್ನೂ ಪ್ರತಿ ವಾರ ಬರೆದಿಡಿ. ನಾಳೆ ಸರ್ವರ್ ಬಿದ್ದರೆ ‘ಎಷ್ಟೊತ್ತಿಗೆ ಸರಿಹೋಗುತ್ತೆ’ ಅಂತ ಎಲ್ಲರೂ ಕೇಳುತ್ತಾರೆ, ಆಗ ಅಂದಾಜು ಹೊಡೆಯುವ ಬದಲು ಆ ಸಂಖ್ಯೆ ಹೇಳಬಹುದು.

ದಿನಕ್ಕೊಂದು ಡಂಪ್ ಅಂದರೆ ಕೆಟ್ಟ ದಿನದಲ್ಲಿ 24 ಗಂಟೆಯ ಲೆಕ್ಕ ಹೋಗಬಹುದು. ಅಷ್ಟು ಕಳೆದುಕೊಳ್ಳಲಾಗದು ಅನ್ನುವವರು ವಾಲ್ ಫೈಲ್‌ಗಳನ್ನು (ಪ್ರತಿ ಬದಲಾವಣೆಯನ್ನೂ ಪೋಸ್ಟ್‌ಗ್ರೆಸ್ ಬರೆದಿಡುವ ಫೈಲ್‌ಗಳು) ಆರ್ಕೈವ್ ಮಾಡುವ ವ್ಯವಸ್ಥೆ ಹಾಕಿಕೊಳ್ಳಬೇಕು. ಪಿಜಿಬ್ಯಾಕ್‌ರೆಸ್ಟ್ ಅದಕ್ಕೆ ಚೆನ್ನಾಗಿದೆ. ಅದನ್ನು ಹಾಕಿದರೂ ವಾರದ ರಿಸ್ಟೋರ್ ಬಿಡಬೇಡಿ.

ಕಾಪಿ ಎದ್ದ ತಕ್ಷಣ ಒಂದು ಕೆಲಸ ಮಾಡಲೇಬೇಕು. ಫೋನ್ ನಂಬರ್, ಬ್ಯಾಂಕ್ ಖಾತೆ ನಂಬರ್‌ಗಳನ್ನು ಸುಳ್ಳು ನಂಬರ್‌ಗಳಿಂದ ತುಂಬಿಸುವ ಅಪ್‌ಡೇಟ್ ರಿಸ್ಟೋರ್ ಸ್ಕ್ರಿಪ್ಟಿನಲ್ಲೇ ಇರಲಿ. ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಒಂದು ಭಾನುವಾರ ಕಾಪಿಯ ಮೇಲೆ ಬಟವಾಡೆ ಪರೀಕ್ಷೆ ಮಾಡುತ್ತಿದ್ದೆ, ಎಸ್‌ಎಂಎಸ್ ಕಳಿಸುವ ಭಾಗ ಆನ್ ಇತ್ತು, ನಂಬರ್‌ಗಳು ನಿಜವಾದವು. ಒಂದು ಸಂಘದ ಸದಸ್ಯರಿಗೆಲ್ಲ ‘ನಿಮ್ಮ ಖಾತೆಗೆ ಇಷ್ಟು ಜಮಾ ಆಗಿದೆ’ ಅಂತ ಮೆಸೇಜ್ ಹೋಯಿತು. ಸೋಮವಾರ ಬೆಳಿಗ್ಗೆ ಒಬ್ಬ ಅಜ್ಜಿ ಬಸ್ ಹತ್ತಿ ಬ್ಯಾಂಕಿಗೆ ಹೋಗಿ ಬರಿಗೈಲಿ ವಾಪಸ್ ಬಂದರು ಅಂತ ಕಾರ್ಯದರ್ಶಿಗಳು ಫೋನ್ ಮಾಡಿದರು. ಆ ಫೋನ್ ನಾನು ಮರೆತಿಲ್ಲ. ಅವತ್ತಿನಿಂದ ನಂಬರ್ ಅಳಿಸದ ಕಾಪಿಗೆ ಯಾವ ಪ್ರೋಗ್ರಾಂ ಕೂಡ ಕನೆಕ್ಟ್ ಆಗುವಂತಿಲ್ಲ.

ಲೈವ್ ಮೇಲೆ ಕೈ ಇಡುವ ಮೊದಲು

ಪೋಸ್ಟ್‌ಗ್ರೆಸ್ಸಿಗೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್‌ನ ಪ್ರಾಂಪ್ಟಿನಲ್ಲಿ ಸರ್ವರ್ ಹೆಸರು ಮತ್ತು ಡೇಟಾಬೇಸ್ ಹೆಸರು ಎದ್ದು ಕಾಣುವಂತೆ ಮಾಡಿ, ಲೈವ್‌ಗೆ ಕೆಂಪು ಬಣ್ಣ. ನೋಡಲು ಮಾತ್ರ ಹೋಗುವಾಗ ಬರೆಯುವ ಹಕ್ಕಿಲ್ಲದ ಬೇರೆ ಯೂಸರ್ ಬಳಸಿ. ದಿನದ ಹತ್ತರಲ್ಲಿ ಒಂಬತ್ತು ಸಲ ನಾವು ನೋಡಲಿಕ್ಕೇ ಹೋಗುವುದು, ಅಲ್ವಾ?

ಕೈಯಲ್ಲಿ ಅಪ್‌ಡೇಟ್ ಮಾಡಲೇಬೇಕಾದರೆ ಮೊದಲು ‘ಬಿಗಿನ್’, ಅಲ್ಲಿಂದ ಟ್ರಾನ್ಸಾಕ್ಷನ್ ಶುರು: ಕಮಿಟ್ ಅಂದರೆ ಎಲ್ಲಾ ಉಳಿಯುತ್ತದೆ, ರೋಲ್‌ಬ್ಯಾಕ್ ಅಂದರೆ ಎಲ್ಲಾ ವಾಪಸ್. ಆಮೇಲೆ ಅಪ್‌ಡೇಟ್. ಪೋಸ್ಟ್‌ಗ್ರೆಸ್ ‘ಅಪ್‌ಡೇಟ್ 30’ ಅಂತ ಉತ್ತರ ಕೊಡುತ್ತದೆ. ಅಪ್‌ಡೇಟ್ ಒತ್ತುವ ಮೊದಲೇ ಎಷ್ಟು ಬರಬೇಕು ಅಂತ ಲೆಕ್ಕ ಹಾಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 15 ದಿನ, ಎರಡು ಹೊತ್ತು, ಒಬ್ಬ ಸದಸ್ಯ, ಅಂದರೆ 30. ಉತ್ತರ 30 ಬಂದರೆ ಕಮಿಟ್. 31 ಬಂದರೂ ರೋಲ್‌ಬ್ಯಾಕ್ ಮಾಡಿ, ಆ ಒಂದು ಯಾಕೆ ಜಾಸ್ತಿ ಬಂತು ಅಂತ ಹುಡುಕಿ. ಆ ಒಂದರಲ್ಲೇ ಏನೋ ಇರುತ್ತದೆ.

ಟೇಬಲ್ ಬದಲಿಸುವಾಗ ಕ್ಯೂ ನೆನಪಿರಲಿ

ಪೋಸ್ಟ್‌ಗ್ರೆಸ್ಸಿನಲ್ಲಿ ಟೇಬಲ್ ಬದಲಾವಣೆಯನ್ನೂ ಟ್ರಾನ್ಸಾಕ್ಷನ್ ಒಳಗೆ ಮಾಡಬಹುದು. ಮೂರು ಕಾಲಂ ಸೇರಿಸಿ ನಾಲ್ಕನೆಯದರಲ್ಲಿ ಎರರ್ ಬಂದರೆ ನಾಲ್ಕೂ ವಾಪಸ್. ಮೈಎಸ್‌ಕ್ಯೂಎಲ್‌ನಲ್ಲಿ ಹೀಗಾಗದು, ಅಲ್ಲಿ ಆಲ್ಟರ್ ಟೇಬಲ್ ಬಂದ ಕೂಡಲೇ ಅಷ್ಟರವರೆಗಿನದೆಲ್ಲ ತಾನಾಗಿ ಕಮಿಟ್ ಆಗುತ್ತದೆ. ಅಲ್ಲಿ ಒಂದೊಂದು ಬದಲಾವಣೆಗೂ ಒಂದೊಂದು ಫೈಲ್ ಇಟ್ಟುಕೊಳ್ಳುವುದೇ ವಾಸಿ.

ಲೈವ್‌ನಲ್ಲಿ ತೊಂದರೆ ಕೊಡುವುದು ಲಾಕ್. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಬೆಳಿಗ್ಗೆ 6:30, 25 ಡೈರಿಗಳಲ್ಲೂ ಹಾಲು ಅಳೆಯುತ್ತಿದ್ದಾರೆ, ಪ್ರತಿ ಸೆಕೆಂಡಿಗೂ ಒಂದಷ್ಟು ಇನ್ಸರ್ಟ್ ಬರುತ್ತಿವೆ. ಆ ಹೊತ್ತಲ್ಲೇ ಯಾರೋ ತಿಂಗಳ ರಿಪೋರ್ಟ್ ತೆಗೆಯುತ್ತಿದ್ದಾರೆ, ಅದೊಂದು ಸೆಲೆಕ್ಟ್, ಎರಡು ನಿಮಿಷದ ಕೆಲಸ. ನೀವು ‘ಹಾಲು’ ಟೇಬಲ್ಲಿಗೆ ಒಂದು ಕಾಲಂ ಸೇರಿಸುವ ಆಲ್ಟರ್ ಕೊಡುತ್ತೀರಿ. ಕಾಲಂ ಸೇರಿಸುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. 11ನೇ ವರ್ಷನ್‌ನಿಂದ ಈಚೆಗೆ ಡೀಫಾಲ್ಟ್ ಬೆಲೆಯಾಗಿ ಒಂದು ಸ್ಥಿರ ಸಂಖ್ಯೆ ಕೊಟ್ಟರೂ ಟೇಬಲ್ ಮತ್ತೆ ಬರೆಯಬೇಕಿಲ್ಲ. ಆದರೆ ಆಲ್ಟರ್‌ಗೆ ಟೇಬಲ್ ಪೂರ್ತಿ ತನ್ನ ಕೈಗೆ ಬೇಕು. ರಿಪೋರ್ಟ್ ಮುಗಿಯುವವರೆಗೆ ಅದು ಕಾಯುತ್ತದೆ. ಅದು ಕಾಯುತ್ತಿರುವಾಗ ಅದರ ಹಿಂದೆ ಬಂದ ಪ್ರತಿ ಇನ್ಸರ್ಟ್, ಪ್ರತಿ ಸೆಲೆಕ್ಟ್ ಕೂಡ ಅದರ ಹಿಂದೆ ಕ್ಯೂನಲ್ಲಿ ನಿಲ್ಲುತ್ತದೆ. ಎರಡು ನಿಮಿಷ ಹಾಲಿನ ಒಂದು ಸಾಲೂ ಒಳಗೆ ಹೋಗುವುದಿಲ್ಲ. ಅತ್ತ 25 ಊರಲ್ಲಿ ಕ್ಯಾನ್ ಹಿಡಿದ ಜನ ನಿಂತಿರುತ್ತಾರೆ.

ಪರಿಹಾರ ಒಂದೇ ಸಾಲಿನದು. ಆಲ್ಟರ್‌ಗೆ ಮೊದಲು ‘ಸೆಟ್ ಲಾಕ್_ಟೈಮ್‌ಔಟ್ = 2 ಸೆಕೆಂಡ್’ ಕೊಡಿ. ಎರಡು ಸೆಕೆಂಡಲ್ಲಿ ಲಾಕ್ ಸಿಗದಿದ್ದರೆ ಆಲ್ಟರ್ ಬಿಟ್ಟುಕೊಡುತ್ತದೆ, ಕ್ಯೂ ಕರಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ. ನಮ್ಮ ಮೈಗ್ರೇಷನ್ ಸ್ಕ್ರಿಪ್ಟ್ ತಾನೇ ಹತ್ತು ಸಲ ಪ್ರಯತ್ನಿಸುತ್ತದೆ. ಮೂರನೇ ಸಲ ದಾಟಿದ್ದು ನನಗೆ ನೆನಪಿಲ್ಲ.

ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇಡುವ ಸೂಚಿ) ಹಾಕುವಾಗ ‘ಕನ್‌ಕರೆಂಟ್ಲಿ’ ಸೇರಿಸಿ. ಇಲ್ಲದಿದ್ದರೆ ಇಂಡೆಕ್ಸ್ ಕಟ್ಟುವಷ್ಟು ಹೊತ್ತೂ ಬರೆಯುವುದು ನಿಲ್ಲುತ್ತದೆ. ಇದನ್ನು ಟ್ರಾನ್ಸಾಕ್ಷನ್ ಒಳಗೆ ಓಡಿಸಲಾಗದು, ಮತ್ತು ಅರ್ಧಕ್ಕೆ ನಿಂತರೆ ‘ಇನ್‌ವ್ಯಾಲಿಡ್’ ಅನ್ನುವ ಒಂದು ಕೆಟ್ಟ ಇಂಡೆಕ್ಸ್ ಉಳಿದುಕೊಳ್ಳುತ್ತದೆ. ಅದು ಯಾವ ಕ್ವೆರಿಗೂ ಉಪಯೋಗಕ್ಕಿಲ್ಲ, ಆದರೆ ಪ್ರತಿ ಇನ್ಸರ್ಟಿಗೂ ಭಾರ. ಪಿಎಸ್‌ಕ್ಯೂಎಲ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಡಿ ಹಾಕಿ ಟೇಬಲ್ ನೋಡಿದರೆ ಕಾಣುತ್ತದೆ, ಡ್ರಾಪ್ ಮಾಡಿ ಮತ್ತೆ ಹಾಕಿ. ಫಾರಿನ್ ಕೀ, ಚೆಕ್ ಅಂಥ ಡೇಟಾದ ನಿಯಮಗಳನ್ನು ದೊಡ್ಡ ಟೇಬಲ್ಲಿಗೆ ಸೇರಿಸುವಾಗ ಮೊದಲು ‘ನಾಟ್ ವ್ಯಾಲಿಡ್’ ಅಂತ ಸೇರಿಸಿ, ಆಮೇಲೆ ಪುರುಸೊತ್ತಿನಲ್ಲಿ ‘ವ್ಯಾಲಿಡೇಟ್ ಕನ್‌ಸ್ಟ್ರೇಂಟ್’ ಮಾಡಿ. ಹಳೆಯ ಸಾಲುಗಳನ್ನೆಲ್ಲ ಬದಲಿಸಬೇಕಿದ್ದರೆ ಐದೈದು ಸಾವಿರದ ಕಂತಿನಲ್ಲಿ ಬದಲಿಸಿ, ಒಂದೊಂದು ಕಂತಿಗೂ ಕಮಿಟ್.

ಇದೆಲ್ಲವನ್ನೂ ಮೊದಲು ಶನಿವಾರ ಎಬ್ಬಿಸಿದ ಕಾಪಿಯ ಮೇಲೆ ಓಡಿಸಿ ಸಮಯ ಅಳೆಯಿರಿ. ಒಂದು ಎಚ್ಚರಿಕೆ: ಹೊಸದಾಗಿ ರಿಸ್ಟೋರ್ ಆದ ಕಾಪಿಯಲ್ಲಿ ಸತ್ತ ಸಾಲುಗಳ (ಅಳಿಸಿದ, ಬದಲಿಸಿದ ಸಾಲುಗಳ ಹಳೆ ರೂಪ) ಕಸ ಇರುವುದಿಲ್ಲ, ಎಲ್ಲಾ ಅಚ್ಚುಕಟ್ಟಾಗಿ ಜೋಡಿಸಿರುತ್ತದೆ. ಲೈವ್‌ನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ ಅಂತ ಎಣಿಸಿಯೇ ಹೊರಡಿ.

ನಿಧಾನ ಇರುವ ಕ್ವೆರಿ

‘ಎಕ್ಸ್‌ಪ್ಲೇನ್’ ಮಾತ್ರ ಕೊಟ್ಟರೆ ಪ್ಲ್ಯಾನರ್‌ನ ಅಂದಾಜು ಕಾಣುತ್ತದೆ. ‘ಎಕ್ಸ್‌ಪ್ಲೇನ್ ಅನಲೈಸ್’ ಕೊಟ್ಟರೆ ಕ್ವೆರಿ ನಿಜವಾಗಿ ಓಡಿ, ಆದದ್ದು ಕಾಣುತ್ತದೆ. ನಿಜವಾಗಿ ಓಡುತ್ತದೆ ಅನ್ನುವುದು ನೆನಪಿರಲಿ. ಡಿಲೀಟ್‌ಗೆ ಎಕ್ಸ್‌ಪ್ಲೇನ್ ಅನಲೈಸ್ ಕೊಟ್ಟರೆ ಡಿಲೀಟ್ ಆಗಿಯೇ ಹೋಗುತ್ತದೆ, ಅದಕ್ಕೆ ಬಿಗಿನ್ ಮತ್ತು ರೋಲ್‌ಬ್ಯಾಕ್ ನಡುವೆ ಇಡಿ.

ನಮ್ಮ ಒಂದು ಉದಾಹರಣೆ. ಒಬ್ಬ ಸದಸ್ಯರ ಒಂದು ತಿಂಗಳ ಹಾಲು ತೆಗೆಯುವ ಕ್ವೆರಿ ಹಲವು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಬರುವುದು 60 ಸಾಲು. ಪ್ಲ್ಯಾನ್‌ನಲ್ಲಿ ‘ಪ್ಯಾರಲಲ್ ಸೀಕ್ವೆನ್ಷಿಯಲ್ ಸ್ಕ್ಯಾನ್’ ಅಂತಿತ್ತು, ಕೆಳಗೆ ‘ರೋಸ್ ರಿಮೂವ್ಡ್ ಬೈ ಫಿಲ್ಟರ್’ ಎದುರಿಗೆ 48 ಲಕ್ಷ ಚಿಲ್ಲರೆ, ‘ಲೂಪ್ಸ್ 3’. ಇಲ್ಲಿ ತುಂಬಾ ಜನ ಎಡವುತ್ತಾರೆ. ಆ ಸಂಖ್ಯೆ ಒಂದು ಲೂಪಿನ ಸರಾಸರಿ. ಮೂರರಿಂದ ಗುಣಿಸಿ: 1 ಕೋಟಿ 46 ಲಕ್ಷ. ಅಂದರೆ 60 ಸಾಲಿಗಾಗಿ ಇಡೀ ಟೇಬಲ್ಲನ್ನು ಓದಿ ಬಿಸಾಡಿದೆ.

ಯಾಕೆ ಅಂದರೆ ಟೇಬಲ್ಲಿಗೆ ಸಮಯದ ಕಾಲಂ ಮೇಲೆ ಮಾತ್ರ ಇಂಡೆಕ್ಸ್ ಇತ್ತು, ಕ್ವೆರಿಯಲ್ಲಿ ಆ ಸಮಯವನ್ನು ‘ಟು_ಕ್ಯಾರ್’ಗೆ ಹಾಕಿ ವರ್ಷ-ತಿಂಗಳು ಮಾಡಿ ಹೋಲಿಸಿದ್ದರು. ಕಾಲಮ್ಮಿನ ಮೇಲೆ ಫಂಕ್ಷನ್ ಸುತ್ತಿದರೆ ಆ ಕಾಲಂನ ಇಂಡೆಕ್ಸ್ ಕೆಲಸಕ್ಕೆ ಬಾರದು. ಕಾಲಮ್ಮನ್ನು ಹಾಗೇ ಬಿಟ್ಟು, ‘ಈ ತಿಂಗಳ ಒಂದನೇ ತಾರೀಖಿಗೆ ಸಮ ಅಥವಾ ದೊಡ್ಡದು, ಮುಂದಿನ ತಿಂಗಳ ಒಂದಕ್ಕಿಂತ ಚಿಕ್ಕದು’ ಅಂತ ಬರೆದೆವು. ಜೊತೆಗೆ ಸದಸ್ಯ, ಸಮಯ ಈ ಕ್ರಮದಲ್ಲಿ ಒಂದು ಇಂಡೆಕ್ಸ್. ಸಮ ಅಂತ ಹೋಲಿಸುವ ಕಾಲಂ ಮೊದಲು, ಇಂತಿಷ್ಟರಿಂದ ಇಂತಿಷ್ಟು ಅಂತ ಹೋಲಿಸುವುದು ಆಮೇಲೆ. ಕ್ವೆರಿ ಮಿಲಿಸೆಕೆಂಡಿಗೆ ಇಳಿಯಿತು.

ಪ್ಲ್ಯಾನ್ ಓದುವಾಗ ನಾನು ಮೊದಲು ನೋಡುವುದು ಸಮಯವನ್ನಲ್ಲ, ಅಂದಾಜಿನ ಸಾಲು ಮತ್ತು ನಿಜವಾದ ಸಾಲು ಎಷ್ಟು ದೂರ ಇವೆ ಅನ್ನುವುದನ್ನು. ಅಂದಾಜು 5, ನಿಜ 70,000 ಅಂತಿದ್ದರೆ ಪ್ಲ್ಯಾನರ್ ತಪ್ಪು ದಾರಿ ಹಿಡಿದದ್ದು ಅಲ್ಲೇ. ಒಮ್ಮೆ ಅನಲೈಸ್ ಮಾಡಿ ಮತ್ತೆ ನೋಡಿ. ಯಾವ ಕ್ವೆರಿಯಿಂದ ಶುರು ಮಾಡಬೇಕು ಅನ್ನುವುದಕ್ಕೆ ಪ್ರತಿ ಕ್ವೆರಿಯ ಲೆಕ್ಕ ಇಡುವ ‘ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್’ ಹಾಕಿಕೊಳ್ಳಿ. ಒಂದು ಸಲಕ್ಕೆ ಎಷ್ಟು ಅನ್ನುವುದಕ್ಕಿಂತ ಒಟ್ಟು ಸಮಯದ ಮೇಲೆ ವಿಂಗಡಿಸಿ. ಮೂರು ಮಿಲಿಸೆಕೆಂಡಿನ ಕ್ವೆರಿ ದಿನಕ್ಕೆ ಹತ್ತು ಲಕ್ಷ ಸಲ ಓಡುತ್ತಿದ್ದರೆ ಅದೇ ನಿಮ್ಮ ಸರ್ವರ್ ತಿನ್ನುತ್ತಿರುವುದು.

ಐದೂವರೆ ಗಂಟೆ

ನಮ್ಮ ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದೆ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ), ಸಮಯ ‘ಟೈಮ್‌ಸ್ಟ್ಯಾಂಪ್‌ಟಿಝೆಡ್’ ಕಾಲಂನಲ್ಲಿದೆ. ಎರಡೂ ಸರಿಯಾದ ಆಯ್ಕೆಗಳೇ. ಆದರೆ ಆ ಸಮಯದಿಂದ ನೇರವಾಗಿ ತಾರೀಖು ತೆಗೆದರೆ ಯುಟಿಸಿ ತಾರೀಖು ಬರುತ್ತದೆ. ಇಲ್ಲಿ ಬೆಳಿಗ್ಗೆ 5:15 ಅಂದರೆ ಅಲ್ಲಿ ಹಿಂದಿನ ದಿನ ರಾತ್ರಿ 11:45. ಬೇಗ ಎದ್ದು 5:30ಕ್ಕೆ ಮೊದಲು ಹಾಲು ಹಾಕಿದವರ ಲೀಟರ್ ನಿನ್ನೆಯ ಲೆಕ್ಕಕ್ಕೆ ಸೇರಿತ್ತು. ತಾರೀಖು ತೆಗೆಯುವ ಮೊದಲು ‘ಅಟ್ ಟೈಮ್ ಝೋನ್ ಏಷ್ಯಾ/ಕೋಲ್ಕತಾ’ ಹಾಕಬೇಕು. ಅದಕ್ಕಿಂತ ಒಳ್ಳೆಯದು, ಲೆಕ್ಕದ ದಿನ ಮತ್ತು ಹೊತ್ತು ಅನ್ನುವುದನ್ನು ಬೇರೆ ಎರಡು ಕಾಲಂ ಮಾಡಿಡುವುದು. ಸಂಜೆಯ ಹಾಲು ಕರೆಂಟ್ ಹೋಗಿ ರಾತ್ರಿ 12 ದಾಟಿ ಎಂಟ್ರಿ ಆದರೂ ಅದು ಸಂಜೆಯ ಹಾಲೇ. ಗಡಿಯಾರ ಹೇಳುವುದು ಒಂದು, ಸಂಘದ ಲೆಕ್ಕ ಹೇಳುವುದು ಇನ್ನೊಂದು. ಎರಡನ್ನೂ ಇಟ್ಟುಕೊಳ್ಳಿ.

ಲೀಟರ್, ಫ್ಯಾಟ್, ದುಡ್ಡು ಇವಕ್ಕೆ ‘ನ್ಯೂಮೆರಿಕ್’ ಬಿಟ್ಟು ಬೇರೆ ಬೇಡ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ.

ಕನ್ನಡ ಹೆಸರುಗಳು

ಕನ್ನಡದಲ್ಲಿ ಹೆಸರು ಇಟ್ಟುಕೊಳ್ಳುವ ಯಾವ ಡೇಟಾಬೇಸಿಗೂ ಇದು ಬರುತ್ತದೆ, ಇದರ ಬಗ್ಗೆ ಮಾತಾಡುವವರು ಕಡಿಮೆ. ‘ಗೋಪಾಲ’ ಅಂತ ಹುಡುಕಿದರೆ ಒಬ್ಬರು ಸಿಗುತ್ತಿರಲಿಲ್ಲ. ಸ್ಕ್ರೀನ್ ಮೇಲೆ ಹೆಸರು ಕಾಣುತ್ತಿದೆ, ಒಂದು ಚುಕ್ಕೆಯೂ ಬೇರೆಯಿಲ್ಲ, ಆದರೂ ಕ್ವೆರಿ ಸೊನ್ನೆ ಸಾಲು ಅನ್ನುತ್ತಿತ್ತು. ಹುಡುಕಿದ ಪದ, ಟೇಬಲ್ಲಿನಲ್ಲಿದ್ದ ಹೆಸರು ಎರಡರ ‘ಕ್ಯಾರ್_ಲೆಂತ್’ (ಸಂಕೇತಗಳ ಸಂಖ್ಯೆ) ತೆಗೆದು ನೋಡಿದೆ. ಒಂದು 5, ಇನ್ನೊಂದು 7. ಯೂನಿಕೋಡಿನಲ್ಲಿ ‘ಗೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘದ ಗುರುತು ಅಂತ ಮೂರು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಡೇಟಾಬೇಸಿಗೆ ಎರಡು ಬೇರೆ ಹೆಸರು. ಕೀ, ಕೇ, ಕೈ, ಕೊ, ಕೋ ಇವೆಲ್ಲದರಲ್ಲೂ ಈ ತೊಂದರೆ ಇದೆ.

ಪೋಸ್ಟ್‌ಗ್ರೆಸ್ 13ರಿಂದ ‘ನಾರ್ಮಲೈಸ್’ ಫಂಕ್ಷನ್ ಬಂದಿದೆ. ಹೆಸರು ಒಳಗೆ ಹೋಗುವಾಗಲೇ ಎನ್‌ಎಫ್‌ಸಿ, ಅಂದರೆ ಕೂಡಿಸಿದ ಒಂದೇ ಸಂಕೇತದ ರೂಪಕ್ಕೆ ತನ್ನಿ, ಹಾಗೇ ಕಾಲಮ್ಮಿಗೆ ‘ಈಸ್ ಎನ್‌ಎಫ್‌ಸಿ ನಾರ್ಮಲೈಸ್ಡ್’ ಅನ್ನುವ ಚೆಕ್ ಹಾಕಿ. ಇಷ್ಟಾದರೂ ಇನ್ನೊಂದು ಉಳಿಯುತ್ತದೆ. ‘ಮಂಜುನಾಥ್’ ಅಂಥ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕೆಲವು ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ಒಂದು ಜೋಡಣೆ-ತಡೆ ಅಕ್ಷರ ಸೇರಿಸುತ್ತವೆ. ನಾರ್ಮಲೈಸ್ ಅದನ್ನು ತೆಗೆಯುವುದಿಲ್ಲ. ಹೆಸರಿನ ಕೊನೆಯಲ್ಲಿದ್ದರೆ ಮಾತ್ರ ನೀವೇ ತೆಗೆಯಿರಿ. ನಡುವೆ ಇರುವುದನ್ನು ಮುಟ್ಟಬೇಡಿ, ‘ರಾಜ್‌ಕುಮಾರ್’ನಲ್ಲಿ ಅದು ಬೇಕು, ತೆಗೆದರೆ ಒತ್ತಕ್ಷರ ಆಗಿಬಿಡುತ್ತದೆ. ಜನರ ಹೆಸರನ್ನು ಅವರು ಬರೆಯುವಂತೆಯೇ ಇಡುವುದು ನಮ್ಮ ಕೆಲಸ.

ಅಕಾರಾದಿ ಕ್ರಮವೂ ಹೀಗೆಯೇ. ಡೇಟಾಬೇಸಿನ ಕೊಲೇಷನ್ (ಅಕ್ಷರಗಳನ್ನು ಕ್ರಮಕ್ಕೆ ಜೋಡಿಸುವ ನಿಯಮ) ‘ಸಿ’ ಆಗಿದ್ದರೆ ಸಂಕೇತದ ಸಂಖ್ಯೆಯ ಮೇಲೆ ಜೋಡಿಸುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ದ ಪಕ್ಕದಲ್ಲಿ, ನಮ್ಮ ವರ್ಣಮಾಲೆಯಲ್ಲಿ ‘ಹ’ ಆದ ಮೇಲೆ. ಹಾಗಾಗಿ ‘ಬಳೆ’ ಮೊದಲು ಬಂದು ‘ಬಸವ’ ಆಮೇಲೆ ಬರುತ್ತದೆ. ಆರ್ಡರ್ ಬೈ ಜೊತೆ ‘ಕೆಎನ್-ಎಕ್ಸ್-ಐಸಿಯು’ ಕೊಲೇಷನ್ ಕೊಟ್ಟು, ನಿಮ್ಮ ಊರಿನ ಇಪ್ಪತ್ತು ಹೆಸರು ಹಾಕಿ ಕಣ್ಣಾರೆ ನೋಡಿ.

ಕೊಲೇಷನ್ ಮಾತು ಬಂದಾಗ ಇದನ್ನೂ ಹೇಳಬೇಕು. 2018ರಲ್ಲಿ ಬಂದ, ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28ರಲ್ಲಿ ಅಕ್ಷರಗಳ ಜೋಡಣೆಯ ನಿಯಮ ಬದಲಾಯಿತು. ಹಳೆ ಲಿನಕ್ಸ್‌ನಲ್ಲಿ ಕಟ್ಟಿದ ಡೇಟಾ ಫೋಲ್ಡರನ್ನು ಹಾಗೇ ಎತ್ತಿ ಹೊಸ ಲಿನಕ್ಸಿಗೆ ಇಟ್ಟರೆ ಹೆಸರುಗಳ ಮೇಲಿನ ಇಂಡೆಕ್ಸ್ ಸದ್ದಿಲ್ಲದೆ ಕೆಟ್ಟುಹೋಗಬಹುದು. ಇರುವ ಹೆಸರು ಸಿಗುವುದಿಲ್ಲ, ಒಂದೇ ಬೆಲೆ ಎರಡು ಸಲ ಬರಬಾರದು ಅನ್ನುವ ಯೂನಿಕ್ ನಿಯಮ ಇದ್ದರೂ ಎರಡೆರಡು ಸಾಲು ಒಳಗೆ ಬರುತ್ತವೆ. ಡಂಪ್ ತೆಗೆದು ರಿಸ್ಟೋರ್ ಮಾಡಿದರೆ ಇಂಡೆಕ್ಸ್ ಹೊಸದಾಗಿ ಕಟ್ಟುವುದರಿಂದ ಈ ಭಯ ಇಲ್ಲ. ಫೋಲ್ಡರ್ ಎತ್ತಿಟ್ಟಿದ್ದರೆ ‘ರೀಇಂಡೆಕ್ಸ್’ ಮಾಡಿ.

ಟೆಸ್ಟ್

ಟೆಸ್ಟಿಗೆ ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್, ಲೈವ್‌ಗೆ ಪೋಸ್ಟ್‌ಗ್ರೆಸ್ ಅನ್ನುವ ಅಭ್ಯಾಸ ಬಿಡಿ. ಡಾಕರ್‌ನಲ್ಲಿ ಅದೇ ವರ್ಷನ್ನಿನ ಪೋಸ್ಟ್‌ಗ್ರೆಸ್ ಎಬ್ಬಿಸುವುದು ಈಗ ಕಷ್ಟವೇ ಅಲ್ಲ. ಪ್ರತಿ ಟೆಸ್ಟನ್ನೂ ಬಿಗಿನ್‌ನಿಂದ ಶುರು ಮಾಡಿ ರೋಲ್‌ಬ್ಯಾಕ್‌ನಲ್ಲಿ ಮುಗಿಸಿ. ಐಡಿ ಸಂಖ್ಯೆ ಕೊಡುತ್ತಾ ಹೋಗುವ ಸೀಕ್ವೆನ್ಸ್ ಮಾತ್ರ ಹಿಂದಕ್ಕೆ ಬರುವುದಿಲ್ಲ, ಹಾಗಾಗಿ ‘ಐಡಿ 1 ಬರಬೇಕು’ ಅಂತ ಟೆಸ್ಟ್ ಬರೆಯಬೇಡಿ.

ತಪ್ಪು ಡೇಟಾ ಒಳಗೆ ಹೋಗದು ಅನ್ನುವುದನ್ನು ಟೆಸ್ಟ್ ಮಾಡಿ. ಪೋಸ್ಟ್‌ಗ್ರೆಸ್ಸಿಗೆ ಟೆಸ್ಟ್ ಬರೆಯಲು ಇರುವ ಪಿಜಿಟ್ಯಾಪ್‌ನ ‘ಥ್ರೋಸ್_ಓಕೆ’ಯಲ್ಲಿ ಎರರ್ ಕೋಡ್ ಹೇಳಬಹುದು: ಯೂನಿಕ್ ಮುರಿದರೆ 23505, ಚೆಕ್ ಮುರಿದರೆ 23514. ಯಾವ ನಿಯಮ ಹಾಕಬೇಕು ಅನ್ನುವುದನ್ನು ಮಾತ್ರ ಊರಿನವರನ್ನು ಕೇಳಿ. ಒಬ್ಬ ಸದಸ್ಯ, ಒಂದು ದಿನ, ಒಂದು ಹೊತ್ತು ಅಂದರೆ ಒಂದೇ ಸಾಲು ಅಂತ ನಾನು ಯೂನಿಕ್ ಹಾಕಿದ್ದೆ. ಹಸುವಿನ ಹಾಲು ಬೇರೆ, ಎಮ್ಮೆ ಹಾಲು ಬೇರೆ ತರುವ ಮನೆಗಳಿವೆ ಅಂತ ಒಬ್ಬ ಕಾರ್ಯದರ್ಶಿ ಹೇಳಿದ ಮೇಲೆ ಹಾಲಿನ ಬಗೆಯೂ ಆ ಯೂನಿಕ್‌ಗೆ ಸೇರಿತು.

ನಲ್ (ಬೆಲೆಯೇ ಇಲ್ಲದ ಖಾಲಿ ಜಾಗ) ಇರುವ ಟೆಸ್ಟ್ ಡೇಟಾ ಬೇಕೇ ಬೇಕು. ಈ ಬಟವಾಡೆಯಲ್ಲಿ ಹಾಲೇ ಹಾಕದವರ ಪಟ್ಟಿಯನ್ನು ‘ನಾಟ್ ಇನ್’ ಹಾಕಿ ಬರೆದಿದ್ದರು. ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ಸದಸ್ಯ ಸಂಖ್ಯೆ ನಲ್ ಇದ್ದರೂ ಉತ್ತರ ಖಾಲಿ ಬರುತ್ತದೆ. ‘ನಾಟ್ ಎಕ್ಸಿಸ್ಟ್ಸ್’ ಬರೆಯಿರಿ.

ಇಬ್ಬರು ಒಟ್ಟಿಗೆ ಒಂದೇ ಸಾಲನ್ನು ಮುಟ್ಟುವ ಕಡೆ ಎರಡು ಪಿಎಸ್‌ಕ್ಯೂಎಲ್ ವಿಂಡೋ ತೆರೆದು ಕೈಯಾರೆ ಆಡಿ ನೋಡಿ. ಸಂಘದಿಂದ ಪಶು ಆಹಾರ ಸಾಲ ತಂದವರ ಬಾಕಿ 1,200. ಎಡಗಡೆ ವಿಂಡೋದಲ್ಲಿ ಬಿಗಿನ್, ಬಾಕಿ ಓದಿ: 1,200. ಬಲಗಡೆಯಲ್ಲೂ ಬಿಗಿನ್, ಓದಿ: 1,200. ಎಡಗಡೆ 400 ಕಳೆದು 800 ಅಂತ ಬರೆದು ಕಮಿಟ್. ಬಲಗಡೆಯೂ 800 ಅಂತ ಬರೆದು ಕಮಿಟ್. ಇಬ್ಬರು 400ರಂತೆ ಮುರಿದುಕೊಂಡರು, ಬಾಕಿ ಇಳಿದದ್ದು 400 ಮಾತ್ರ. ರೈತರ 400 ರೂಪಾಯಿ ಎಲ್ಲಿ ಹೋಯಿತು? ಬಾಕಿಯನ್ನು ಓದಿ ಪ್ರೋಗ್ರಾಂನಲ್ಲಿ ಕಳೆಯುವ ಬದಲು ‘ಬಾಕಿ = ಬಾಕಿ - 400’ ಅಂತ ಅಪ್‌ಡೇಟ್‌ನಲ್ಲೇ ಕಳೆಯಿರಿ, ಇಲ್ಲವೇ ಓದುವಾಗಲೇ ‘ಫಾರ್ ಅಪ್‌ಡೇಟ್’ ಹಾಕಿ. ಆಮೇಲೆ ಅದೇ ಎರಡು ವಿಂಡೋದಲ್ಲಿ ಮತ್ತೆ ಆಡಿ. ಬಲಗಡೆಯದು ಎಡಗಡೆಯ ಕಮಿಟ್‌ಗೆ ಕಾದು ನಿಲ್ಲುವುದು ಕಾಣಬೇಕು.

ಲೈವ್ ನಿಂತುಹೋದ ದಿನ

ಎಷ್ಟು ಮಾಡಿದರೂ ಒಂದು ದಿನ ಎಲ್ಲಾ ನಿಂತ ಹಾಗೆ ಆಗುತ್ತದೆ. ಮೊದಲು ‘ಪಿಜಿ_ಸ್ಟ್ಯಾಟ್_ಆಕ್ಟಿವಿಟಿ’ ನೋಡಿ. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತ ಇರುವವರೇ ಹೆಚ್ಚಾಗಿ ಕಾರಣ: ಬಿಗಿನ್ ಮಾಡಿ, ಲಾಕ್ ಹಿಡಿದು, ಕಮಿಟ್ ಮಾಡದೆ ಸುಮ್ನೆ ಕೂತಿರುವ ಕನೆಕ್ಷನ್. ಅದು ಇರುವಷ್ಟು ಹೊತ್ತು ಸತ್ತ ಸಾಲುಗಳನ್ನು ಗುಡಿಸುವ ವ್ಯಾಕ್ಯೂಮ್‌ಗೂ ಕಸ ತೆಗೆಯಲಾಗದು. ‘ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್’ಗೆ ಕೆಲವು ನಿಮಿಷ ಕೊಟ್ಟಿಟ್ಟರೆ ಇಂಥವು ತಾವಾಗಿ ಕಡಿದುಹೋಗುತ್ತವೆ. ಯಾರು ಯಾರನ್ನು ತಡೆದಿದ್ದಾರೆ ಅನ್ನುವುದನ್ನು ‘ಪಿಜಿ_ಬ್ಲಾಕಿಂಗ್_ಪಿಐಡಿಎಸ್’ ಹೇಳುತ್ತದೆ. ಸಾಲಿನ ತುದಿಯಲ್ಲಿರುವವರನ್ನು ಹುಡುಕಿ. ಅಲ್ಲಿ ಕ್ವೆರಿ ಓಡುತ್ತಿದ್ದರೆ ಮೊದಲು ‘ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್’, ಅದಕ್ಕೆ ಬಗ್ಗದಿದ್ದರೆ ‘ಪಿಜಿ_ಟರ್ಮಿನೇಟ್_ಬ್ಯಾಕೆಂಡ್’. ಸುಮ್ನೆ ಕೂತಿರುವ ಕನೆಕ್ಷನ್‌ಗೆ ನೇರ ಟರ್ಮಿನೇಟೇ ಬೇಕು, ಕ್ಯಾನ್ಸಲ್ ಮಾಡಲು ಅಲ್ಲಿ ಏನೂ ಓಡುತ್ತಿರುವುದಿಲ್ಲ. ಆತುರಕ್ಕೆ ಬಿದ್ದು ಲಿನಕ್ಸ್‌ನಿಂದ ‘ಕಿಲ್ -9’ ಮಾತ್ರ ಕೊಡಬೇಡಿ. ಒಂದು ಪ್ರೋಸೆಸ್ ಹಾಗೆ ಸತ್ತರೆ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದು ಅಂತ ಪೋಸ್ಟ್‌ಗ್ರೆಸ್ ಎಲ್ಲರ ಕನೆಕ್ಷನ್ ಕಡಿದು ರಿಕವರಿಗೆ ಹೋಗುತ್ತದೆ, ಅಷ್ಟು ಹೊತ್ತೂ 25 ಡೈರಿಗಳ ಸ್ಕ್ರೀನ್ ನಿಂತಿರುತ್ತದೆ.